ಹನ್ನೊಂದು ಹನಿ

ಓಮೈರಾಗೆ ಶುರುವಾಗಿದೆ ಎಂದು ಊರು ತೀರ್ಮಾನಿಸಿದ್ದು ಒಂದು ಲೋಟ ಕಾಫಿಯಿಂದ. ಬೆಲ್ಲ ಹಾಕುವ ಬದಲು ಉಪ್ಪು ಹಾಕಿ, ಅದನ್ನು ಪಾದ್ರಿಗಳಿಗೇ ಕೊಟ್ಟಿದ್ದಳು. ಬೇರೆ ಊರಿನಲ್ಲಾಗಿದ್ದರೆ ಜನ ನಕ್ಕು, ಬಾಯಿ ಮುಕ್ಕಳಿಸಿ, ಇನ್ನೊಂದು ಲೋಟ ಕೇಳುತ್ತಿದ್ದರು. ನಮ್ಮಲ್ಲಿ ಯಾರೂ ನಗಲಿಲ್ಲ. ಪಾದ್ರಿಗಳು ಅದನ್ನು ತಳದವರೆಗೆ ಕುಡಿದು, "ಚೆನ್ನಾಗಿದೆ ಮಗಳೇ" ಎಂದು ಲೋಟ ಕೆಳಗಿಟ್ಟರು. ಅವರ ಪಕ್ಕದಲ್ಲಿದ್ದ ನೂಬಿಯಾ, ಓಮೈರಾಳ ಅತ್ತಿಗೆ, ಒಂದೇ ಗುಟುಕಿಗೆ ಲೋಟ ಇಟ್ಟು ನೇರ ಮನೆಗೆ ಹೋಗಿ ಗಂಡನಿಗೆ ವರದಿ ಒಪ್ಪಿಸಿದಳು.

ಓಮೈರಾಗೆ ಆಗ ನಲವತ್ತೈದು. ನಾನು ಸೊಸೆಯಾಗಿ ಬಂದ ಈ ಮನೆತನದಲ್ಲಿ ಅದು ಕೆಟ್ಟ ವಯಸ್ಸು. ಮೆಡೆಲಿನ್‌ ನಗರದಿಂದ ಬರುವ ಡಾಕ್ಟರುಗಳು ಅದನ್ನು ಆಲ್ಜೈಮರ್ ಅನ್ನುತ್ತಾರೆ. ನಮ್ಮ ಗುಡ್ಡದ ಜನಕ್ಕೆ ಅದು ಮೊದಲಿನಿಂದಲೂ ಬೊಬೇರಾ, ಪೆದ್ದುರೋಗ. ಬೇರೆ ಕಡೆ ಎಂಬತ್ತಕ್ಕೆ ಬರುವುದು ಇಲ್ಲಿ ನಲವತ್ತೈದಕ್ಕೇ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಬರುತ್ತದೆ. ಯಾರಿಗೆ ಎಂದು ರಕ್ತ ನೋಡಿ ಹೇಳಬಹುದು. ಓಮೈರಾ ರಕ್ತ ಕೊಟ್ಟಿದ್ದಾಳೆ, ಉತ್ತರ ಕೇಳಿಲ್ಲ. ನನ್ನ ಗಂಡ ಲಿಬಾರ್ದೊ, ಓಮೈರಾಳ ಚಿಕ್ಕಪ್ಪ, ಐವತ್ಮೂರಕ್ಕೆ ಹೋದರು. ಕೊನೆಯ ಎರಡು ವರ್ಷ ಅವರು ಬೀದಿಗೆ ಓಡದಿರಲೆಂದು ನಾನೇ ಹಾಸಿಗೆಯ ಬಟ್ಟೆಯಿಂದ ಅವರನ್ನು ಕುರ್ಚಿಗೆ ಕಟ್ಟುತ್ತಿದ್ದೆ. ಎಲ್ಲರ ಮನೆಯಲ್ಲೂ ಕಟ್ಟುತ್ತಿದ್ದರು. ನಾನು ಮೂವತ್ತೆರಡು ವರ್ಷ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ಗಂಟು ಬಿಗಿಯಾಗಿ, ಆದರೆ ನೋಯದ ಹಾಗೆ ಹಾಕುವುದು ಮಾತ್ರ ಮನೆಯಲ್ಲಿ ಕಲಿತೆ.

ಓಮೈರಾ ಮದುವೆಯಾಗಲಿಲ್ಲ. ಅವಳಿಗೆ ಇಬ್ಬರು ಅಣ್ಣಂದಿರು. ದೊಡ್ಡವನು ಒತೋನಿಯೆಲ್, ನೂಬಿಯಾಳ ಗಂಡ, ಅರವತ್ತೊಂದು, ಕಬ್ಬಿಣದ ಸಾಮಾನಿನ ಅಂಗಡಿ. ಅವನು ಅಪಾಯದ ವಯಸ್ಸು ದಾಟಿದವನು. ನಮ್ಮಲ್ಲಿ ದಾಟಿದವರ ಮಾತಿಗೆ ತೂಕ ಹೆಚ್ಚು, ದೇವರೇ ಆರಿಸಿಟ್ಟ ಹಾಗೆ. ಚಿಕ್ಕವನು ಗಿಲ್ದಾರ್ದೊ, ಐವತ್ತು. ಇಪ್ಪತ್ತೈದು ವರ್ಷ ಹೇಸರಗತ್ತೆಯ ಮೇಲೆ ಹಾಲಿನ ಕ್ಯಾನು ಹೇರಿಕೊಂಡು ಗುಡ್ಡ ಇಳಿದವನು. ಅವನಿಗೆ ಬೊಬೇರಾ ಬಂದು ಆರು ವರ್ಷ. ಓಮೈರಾ ಅವನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು.

ಹೋದ ವರ್ಷ ಅವನು ಮನುಷ್ಯರ ಕೈಗೆ ಸಿಗದಂತಾಗಿದ್ದ. ಮಧ್ಯಾಹ್ನ ನಾಲ್ಕಾದರೆ ಬಾಗಿಲು ಗುದ್ದುವುದು, ಕೂಗುವುದು, ಸ್ನಾನಕ್ಕೆ ಕರೆದರೆ ಹೊಡೆಯುವುದು. ಓಮೈರಾಳ ಮೊಣಕೈ ಎರಡು ಸಲ ಊದಿತ್ತು. ಅನ್ನದಲ್ಲಿ ವಿಷ ಇದೆ ಎಂದು ತಟ್ಟೆ ಎಸೆಯುತ್ತಿದ್ದ. ಮಾತ್ರೆ ಕೊಟ್ಟರೆ ಜೊಲ್ಲು ಸುರಿಸುತ್ತ ಕಂಬದಂತೆ ಕೂರುತ್ತಿದ್ದ. ಆಗ ಮೆಡೆಲಿನ್‌ನ ಒಬ್ಬ ಡಾಕ್ಟರಮ್ಮ ಗಾಂಜಾ ಎಣ್ಣೆ ಬರೆದುಕೊಟ್ಟರು. ಕಾಯ್ದೆ ಪ್ರಕಾರವೇ, ಚೀಟಿ, ಸಹಿ, ಮೊಹರು ಎಲ್ಲ ಇತ್ತು. "ನೆನಪು ವಾಪಸ್ ಬರಲ್ಲಮ್ಮ. ರೋಗವೂ ನಿಲ್ಲಲ್ಲ, ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕೆಲವರಿಗೆ ಮನಸ್ಸು ಸ್ವಲ್ಪ ತಣ್ಣಗಾಗುತ್ತೆ. ಕೆಲವರಿಗೆ ಅದೂ ಆಗಲ್ಲ. ನೋಡೋಣ" ಎಂದಿದ್ದರಂತೆ. ಆ ಪ್ರಾಮಾಣಿಕ ಮಾತಿಗೇ ಓಮೈರಾ ಒಪ್ಪಿದ್ದು.

ನೆನಪು ಒಂದು ಕಾಳಿನಷ್ಟೂ ಬರಲಿಲ್ಲ. ತಂಗಿಯ ಹೆಸರು ಈಗಲೂ ಗೊತ್ತಿಲ್ಲ, "ಏ ಹುಡುಗಿ" ಅನ್ನುತ್ತಾನೆ. ಆದರೆ ಆರು ವಾರ ಕಳೆದ ಮೇಲೆ ಒಂದು ದಿನ ನಾನು ಹೋದಾಗ ಅವನು ಅಂಗಳದಲ್ಲಿ ಕುಳಿತು, ಅವಳ ತೊಡೆಯ ಮೇಲೆ ಕಾಲಿಟ್ಟು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಒಂದೊಂದು ಉಗುರಿಗೂ ಅವಳು "ಆಯ್ತಾ?" ಎಂದು ಕೇಳಿ, ಅವನು ತಲೆಯಾಡಿಸಿದ ಮೇಲೆ ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಲಿಬಾರ್ದೊಗೆ ಉಗುರು ಕತ್ತರಿಸಬೇಕಾದರೆ ನನಗೆ ಮೂವರು ಗಂಡಸರು ಬೇಕಾಗುತ್ತಿದ್ದರು.

ಹೀಗೆ ಅಣ್ಣ ಸುಧಾರಿಸುತ್ತಿದ್ದಂತೆ ತಂಗಿ ಜಾರತೊಡಗಿದಳು. ಉಪ್ಪಿನ ಕಾಫಿ ಮೊದಲನೆಯದು. ಆಮೇಲೆ ಪ್ರಾರ್ಥನೆಯ ನಡುವೆ ಕಾರಣವಿಲ್ಲದೆ ನಕ್ಕಳು. ಒಲೆಯ ಮೇಲೆ ಕಾಳು ಇಟ್ಟು ಮರೆತು ಪಾತ್ರೆ ಸುಟ್ಟಳು. ಮಾತಾಡುತ್ತ ಮಾತಾಡುತ್ತ ನಿಂತು, "ಏನು ಹೇಳ್ತಿದ್ದೆ?" ಎಂದು ಕೇಳುತ್ತಿದ್ದಳು. ಊರು ಎಲ್ಲವನ್ನೂ ಕೂಡಿಸಿ ಉತ್ತರ ಬರೆದುಬಿಟ್ಟಿತು. ನಾನೂ ಬರೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಒತೋನಿಯೆಲ್ ಬುಧವಾರ ನನ್ನ ಮನೆಗೆ ಬಂದ. ಕೆಟ್ಟವನಲ್ಲ ಅವನು. ಪ್ರತಿ ಶನಿವಾರ ತಮ್ಮನ ಮನೆಗೆ ಆಲೂಗಡ್ಡೆ ಕಳಿಸುತ್ತಾನೆ. ಅಪ್ಪನನ್ನು, ಚಿಕ್ಕಪ್ಪನನ್ನು, ಒಬ್ಬ ತಂಗಿಯನ್ನು ಇದೇ ರೋಗದಿಂದ ಮಣ್ಣಿಗಿಟ್ಟವನು.

"ಮೆಡೆಲಿನ್‌ನಲ್ಲಿ ಸನ್ಯಾಸಿನಿಯರ ಆಶ್ರಮದಲ್ಲಿ ಒಂದು ಹಾಸಿಗೆ ಸಿಕ್ಕಿದೆ ಚಿಕ್ಕಮ್ಮ. ಭಾನುವಾರ ಚರ್ಚು ಮುಗಿದ ಮೇಲೆ ತಮ್ಮನನ್ನ ಕರಕೊಂಡು ಹೋಗ್ತೀನಿ. ಪೆದ್ದುರೋಗದವನನ್ನ ಪೆದ್ದುರೋಗದವಳ ಕೈಗೆ ಬಿಡೋಕಾಗುತ್ತಾ? ನಾಳೆ ಮನೆಗೇ ಬೆಂಕಿ ಬೀಳುತ್ತೆ."

"ಅಲ್ಲಿ ಎಣ್ಣೆ ಕೊಡ್ತಾರೇನಪ್ಪ?"

"ಸನ್ಯಾಸಿನಿಯರು ಭಂಗಿ ಕೊಡ್ತಾರಾ? ಒಳ್ಳೆ ಕಥೆ!"

ಗುರುವಾರ ಬೆಳಿಗ್ಗೆ ನಾನು ನಾಲ್ಕು ಬಿಸಿ ಅರೆಪಾ, ಮೆಕ್ಕೆಜೋಳದ ರೊಟ್ಟಿ, ಬಟ್ಟೆಯಲ್ಲಿ ಸುತ್ತಿಕೊಂಡು ಓಮೈರಾಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಬೆಂಚಿನ ಮೇಲೆ ಗಿಲ್ದಾರ್ದೊ, ಅವನ ಮುಂದೆ ಮೊಣಕಾಲೂರಿ ಓಮೈರಾ, ಅವಳ ಕೈಯಲ್ಲಿ ಕಂದು ಬಣ್ಣದ ಪುಟ್ಟ ಸೀಸೆ. ಅವನು ಬೆರಳೆತ್ತಿ ಅವಳ ಬಾಯಿಗೆ ತೋರಿಸಿದ.

"ನೀನು ಮೊದಲು."

ಅವಳು ನಾಲಿಗೆ ಚಾಚಿ ಹನಿ ಬಿಟ್ಟುಕೊಂಡಳು. ಅವನು ಎಣಿಸಿದ, ಗಟ್ಟಿಯಾಗಿ, ಹಾಲಿನ ಕ್ಯಾನು ಎಣಿಸುವ ಅದೇ ರಾಗದಲ್ಲಿ. ಒಂದು, ಎರಡು. ಹನ್ನೊಂದಾದ ಮೇಲೆ ಅವಳು ನುಂಗಿ, ಬಾಯಿ ತೆರೆದು ಖಾಲಿ ನಾಲಿಗೆ ತೋರಿಸಿದಳು. ಆಗ ಅವನು ಮರಿಹಕ್ಕಿಯ ಹಾಗೆ ಬಾಯಿ ತೆರೆದ.

ತಿರುಗಿ ನನ್ನನ್ನು ನೋಡಿದಾಗ ಅವಳ ಮುಖ ಕೆಂಪಾಯಿತು.

"ಎಷ್ಟು ದಿನದಿಂದ ಇದು?" ಎಂದೆ.

"ಶುರುವಿನಿಂದ. ಮೊದಲು ಮೂರೇ ಹನಿ. ಡಾಕ್ಟರಮ್ಮ ಅವನಿಗೆ ಏರಿಸಿದ ಹಾಗೆ ನನಗೂ ಏರಿತು. ದಿನಕ್ಕೆ ಮೂರು ಸಲ."

"ಮೂವತ್ತಮೂರು ಹನಿ! ಅಯ್ಯೋ ತಾಯಿ, ನಿನ್ನ ತಲೆ ಸುತ್ತಲ್ವಾ?"

"ಸುತ್ತುತ್ತೆ. ಸುತ್ತಲಿ. ನಾನು ನುಂಗಿದ್ದನ್ನ ಕಂಡರೆ ಮಾತ್ರ ಅವನು ಬಾಯಿ ತೆಗೆಯೋದು ಚಿಕ್ಕಮ್ಮ. ಒಂದು ಹನಿ ಕಮ್ಮಿ ಆದ್ರೂ ತುಟಿ ಹೊಲಿದು ಕೂತ್ಕೋತಾನೆ. ನನ್ನ ಹೆಸರು ಮರೆತಿದ್ದಾನೆ, ಎಣಿಕೆ ಮರೆತಿಲ್ಲ."

"ಇನ್ನೊಂದು ಸೀಸೆಗೆ ಬರೀ ಎಣ್ಣೆ ತುಂಬಿಸಿಕೊಂಡು ನೀನು ಅದನ್ನ ಕುಡಿಬಾರದಾ?"

"ಮಾಡಿದೆ. ಮೂಸಿ ನೋಡಿ ಸೀಸೆ ಗೋಡೆಗೆ ಎಸೆದ. ಮೂರು ದಿನ ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ಇನ್ನು ಅವನಿಗೆ ಮೋಸ ಮಾಡಲ್ಲ. ಮೋಸ ಮಾಡೋಕೆ ಊರು ತುಂಬ ಜನ ಇದ್ದಾರೆ."

ನಾನು ಅವಳ ಪಕ್ಕ ಕುಳಿತೆ. ಇಡೀ ಊರು ಎಣಿಸಿದ್ದ ತಪ್ಪುಗಳೆಲ್ಲ, ಉಪ್ಪು, ನಗು, ಸುಟ್ಟ ಪಾತ್ರೆ, ಒಂದೊಂದಾಗಿ ನನ್ನೊಳಗೆ ಜಾಗ ಬದಲಿಸಿದವು. "ಹಾಗಾದ್ರೆ ನಿನಗೆ ಏನೂ ಆಗಿಲ್ಲ!"

"ಆಗಿಲ್ಲದೆ ಇರಬಹುದು. ಆಗಿರಲೂಬಹುದು." ಅವಳು ಅಣ್ಣನ ಗಲ್ಲ ಒರೆಸಿದಳು. "ನನಗೆ ಗೊತ್ತಿಲ್ಲ. ಗೊತ್ತಾಗೋದು ಬೇಕಾಗೂ ಇಲ್ಲ."

"ಭಾನುವಾರ ಇದನ್ನೇ ಒತೋನಿಯೆಲ್‌ಗೆ ಹೇಳಿಬಿಡೇ."

"ಹೇಳಿದ್ರೆ ದೊಡ್ಡಣ್ಣ, ಭಂಗಿ ಏರಿಸಿಕೊಂಡವಳ ಹತ್ರ ತಮ್ಮನ್ನ ಬಿಡಲ್ಲ ಅಂತಾನೆ. ಹೇಳದಿದ್ರೆ, ಪೆದ್ದುರೋಗದವಳ ಹತ್ರ ಬಿಡಲ್ಲ ಅಂತಾನೆ. ಎರಡು ಬಾಗಿಲಿಗೂ ಅವನದ್ದೇ ಬೀಗ." ಆಮೇಲೆ ಅರೆಪಾ ಮುರಿದು ದೊಡ್ಡ ತುಂಡು ನನಗೆ ಕೊಟ್ಟಳು. "ತಿನ್ನಿ, ಆರಿಹೋಗುತ್ತೆ."

ಭಾನುವಾರ ಹನ್ನೊಂದು ಗಂಟೆಗೆ ಒತೋನಿಯೆಲ್‌ನ ಜೀಪು ಬಾಗಿಲ ಮುಂದೆ ನಿಂತಿತು. ನಾನು ಮೊದಲೇ ಹೋಗಿದ್ದೆ. ಕಾಫಿ ನಾನೇ ಮಾಡಿದೆ, ಯಾರೂ ಅವಳ ಕೈರುಚಿ ಪರೀಕ್ಷೆ ಮಾಡದಿರಲೆಂದು. ಓಮೈರಾ ಅಣ್ಣನಿಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದಳು. ಕಳಿಸುವುದಕ್ಕೋ, ಕಳಿಸುವುದಿಲ್ಲ ಎನ್ನುವುದಕ್ಕೋ, ನನಗೆ ತಿಳಿಯಲಿಲ್ಲ.

ಒತೋನಿಯೆಲ್ ಹೆಂಡತಿಯೊಡನೆ ಒಳಬಂದು, ಟೋಪಿ ತೆಗೆದು, ಕುಳಿತು, ಜೇಬಿನಿಂದ ಒಂದು ಹಾಳೆ, ಪೆನ್ಸಿಲ್ ತೆಗೆದಿಟ್ಟ.

"ಜಗಳ ಬೇಡ ಓಮೈರಾ. ಒಂದು ಗಡಿಯಾರ ಬರಿ, ಡಾಕ್ಟರುಗಳು ಬರೆಸೋ ಹಾಗೆ. ಹನ್ನೊಂದು ಗಂಟೆ ಹತ್ತು ನಿಮಿಷ. ಸರಿಯಾಗಿ ಬರೆದರೆ ನಾನು ಎದ್ದು ಹೋಗ್ತೀನಿ."

ಅವಳು ಜೋರಾಗಿ ನಕ್ಕಳು. "ದೊಡ್ಡಣ್ಣ, ಆ ಗಡಿಯಾರನ ನಾನು ಏಳು ವರ್ಷಕ್ಕೇ ಬರೆದೆ. ಡಾಕ್ಟರುಗಳು ಅಪ್ಪನಿಂದ ಬರೆಸ್ತಿದ್ರು, ನಾವು ಹಿಂದೆ ನಿಂತು ಇದ್ದಿಲಲ್ಲಿ ಗೋಡೆ ಮೇಲೆ ಬರೀತಿದ್ವಿ. ಈ ಊರಲ್ಲಿ ಮಕ್ಕಳು ಟೈಮು ನೋಡೋದಕ್ಕೆ ಮುಂಚೆ ಹನ್ನೊಂದು ಹತ್ತು ಬರೆಯೋದು ಕಲೀತಾರೆ. ಬೇಕಾದ್ರೆ ನೂರರಿಂದ ಏಳೇಳು ಕಳೆದು ಹಿಂದಕ್ಕೆ ಎಣಿಸ್ಲಾ? ಅದೂ ಬಾಯಿಪಾಠ. ಬೇರೆ ಏನಾದ್ರೂ ಕೇಳು."

"ನೋಡು, ಮಾತು ತಿರುಗಿಸ್ತೀಯ."

"ನೀನೇ ಬರಿ. ನಾನು ನೋಡ್ತೀನಿ. ಈ ಮನೇಲಿ ಪರೀಕ್ಷೆ ಆದ್ರೆ ಎಲ್ಲರಿಗೂ ಆಗ್ಲಿ."

ಅವನು ಪೆನ್ಸಿಲ್ ಮುಟ್ಟಲಿಲ್ಲ. ಅರವತ್ತೊಂದರಲ್ಲೂ ಮುಟ್ಟಲಿಲ್ಲ. ದಾಟಿದವರ ಭಯ ಎಷ್ಟು ದೊಡ್ಡದು ಎಂದು ನಾನು ಅವತ್ತು ಕಂಡೆ.

ಆಗ ಓಮೈರಾ ಎಲ್ಲವನ್ನೂ ಹೇಳಿದಳು. ಹೆದರಿಕೊಂಡಲ್ಲ, ನಿಂತು, ಸೊಂಟಕ್ಕೆ ಕೈಯಿಟ್ಟು ಹೇಳಿದಳು. ಹನ್ನೊಂದು ಹನಿ, ದಿನಕ್ಕೆ ಮೂರು ಸಲ, ಅವನ ಎಣಿಕೆ, ಅವಳ ನಾಲಿಗೆ.

ನೂಬಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ದೇವರೇ! ಚರ್ಚಿಗೆ ಭಂಗಿ ಏರಿಸಿಕೊಂಡು ಬರ್ತಿದ್ಯಾ?"

"ಅತ್ತಿಗೆ, ನಿಮ್ಮ ಮಂಚದ ಕೆಳಗೆ ಮೊಣಕಾಲಿಗೆ ತಿಕ್ಕೋ ಸೀಸೆ ಇದೆಯಲ್ಲ, ಸಾರಾಯಿಯಲ್ಲಿ ಎಲೆ ನೆನೆಹಾಕಿದ್ದು. ಅದೇನು ಪುದೀನವಾ?"

"ಅದು... ಅದು ಹಚ್ಚಿಕೊಳ್ಳೋದು!"

"ಮೊಣಕಾಲಿಗಾದ್ರೆ ಪುಣ್ಯ, ನಾಲಿಗೆಗಾದ್ರೆ ಪಾಪ. ಪಾದ್ರಿಗಳನ್ನ ಕೇಳಿ ಹೇಳಿ."

ಒತೋನಿಯೆಲ್ ಎದ್ದ. "ಸಾಕು. ರೋಗವೋ ಅಮಲೋ, ಎರಡೂ ಒಂದೇ. ನಿನ್ನ ತಲೆ ನೆಟ್ಟಗಿಲ್ಲ ಅಂತ ನಿನ್ನ ಬಾಯಲ್ಲೇ ಬಂತು. ಅವನು ಬರ್ತಾನೆ." ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ಬಿಳಿ ಮಾತ್ರೆ ತೆಗೆದ. ದಾರಿಯಲ್ಲಿ ಗಲಾಟೆ ಮಾಡದಿರಲೆಂದು ಔಷಧದಂಗಡಿಯಿಂದ ತಂದದ್ದು. ಅದನ್ನು ಅಂಗೈಯಲ್ಲಿಟ್ಟು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ತಮ್ಮನ ಮುಂದೆ ಬಗ್ಗಿದ. "ತಗೋ ಗಿಲ್ದಾರ್ದೊ. ಒಳ್ಳೆ ಹುಡುಗ ಅಲ್ವಾ."

ಗಿಲ್ದಾರ್ದೊ ಮಾತ್ರೆಯನ್ನು ನೋಡಿದ. ಅಣ್ಣನ ಮುಖ ನೋಡಿದ. ಬೆರಳೆತ್ತಿದ.

"ನೀನು ಮೊದಲು."

"ನಾನಾ? ನಾನು ಗಾಡಿ ಓಡಿಸ್ಬೇಕಲ್ಲ ಮಾರಾಯ."

"ನೀನು ಮೊದಲು."

"ಇದು ಔಷಧಿ ಕಣೋ. ನಾನು ತಿನ್ನೋ ಹಾಗಿಲ್ಲ."

ಆಗ ಮಾತಾಡಿದವಳು ನೂಬಿಯಾ.

"ತಿನ್ನಿ. ಗಾಡಿ ನಾನು ಓಡಿಸ್ತೀನಿ."

ಒತೋನಿಯೆಲ್ ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣಿನಲ್ಲಿ ಕುಹಕ ಇರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಮಾತ್ರೆ ಅವನ ಅಂಗೈಯ ಬೆವರಿಗೆ ಅಂಟಿಕೊಂಡಿತ್ತು.

"ಅಪ್ಪನಿಗೆ ಇದನ್ನೇ ಕೊಡ್ತಿದ್ವಿ," ಎಂದ ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ನಾನೇ ಕೊಡ್ತಿದ್ದೆ. ಬಾಯಿ ಹಿಡಿದು. ಆಮೇಲೆ ನೊಣ ಕೂತರೂ ಓಡಿಸ್ತಿರಲಿಲ್ಲ ಅವರು."

"ಹಾಗಾದ್ರೆ ನೀನು ತಿನ್ನಲ್ಲ," ಎಂದಳು ಓಮೈರಾ.

"ಇಲ್ಲ."

"ನೀನು ತಿನ್ನದೆ ಇರೋದನ್ನ ಅವನ ಬಾಯಿಗೆ ಹಾಕೋಕೆ ನಾನು ಬಿಡಲ್ಲ. ದೊಡ್ಡಣ್ಣ, ಕೇಳಿಸ್ಕೋ. ಅವನಿಗೆ ಬುದ್ಧಿ ಹೋಗಿರಬಹುದು. ಆದ್ರೆ ಈ ಮನೇಲಿ ಸರಿಯಾದ ಪ್ರಶ್ನೆ ಕೇಳೋನು ಅವನೊಬ್ಬನೇ. ನಾನು ಉತ್ತರ ಕೊಟ್ಟಿದ್ದೀನಿ, ಏಳು ತಿಂಗಳಿಂದ, ದಿನಕ್ಕೆ ಮೂರು ಸಲ. ನಿನ್ನ ಉತ್ತರ ತಗೊಂಡು ಬಾ, ಆಮೇಲೆ ಕರಕೊಂಡು ಹೋಗು."

ಅವನು ಮಾತ್ರೆಯನ್ನು ಕಾಗದಕ್ಕೆ ಸುತ್ತಿ ಜೇಬಿಗಿಟ್ಟ. ಆದರೂ ಕೂರಲಿಲ್ಲ. "ಸರಿ, ನಾನು ಸೋತೆ. ಆದ್ರೆ ನೀನು? ಹೀಗೇ ಕುಡೀತಾ ಹೋದ್ರೆ ಅವನಿಗಿಂತ ಮೊದಲು ನೀನು ಹೋಗ್ತೀಯ. ಒಲೆ ಉರೀತಿರುತ್ತೆ, ನೀನು ಗೋಡೆ ನೋಡ್ತಿರ್ತೀಯ. ಅದಕ್ಕೆ ಏನು ಹೇಳ್ತೀಯ?"

ಗುರುವಾರದಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ. ಕಾಫಿ ಲೋಟ ಪಕ್ಕಕ್ಕಿಟ್ಟು ಗಿಲ್ದಾರ್ದೊನ ಎದುರು ಸ್ಟೂಲು ಎಳೆದುಕೊಂಡೆ.

"ಮಧ್ಯಾಹ್ನದ್ದು ಇವತ್ತು ನನ್ನದು. ಸೀಸೆ ಕೊಡೇ."

"ಚಿಕ್ಕಮ್ಮ! ನಿಮಗೆ ಎಪ್ಪತ್ತಾರು!" ಒತೋನಿಯೆಲ್ ಕೂಗಿದ.

"ಗೊತ್ತಪ್ಪ. ಈ ವಯಸ್ಸಲ್ಲಿ ನಾನು ಏನಾದ್ರೂ ಮರೆತರೆ ಯಾರೂ ಆಶ್ರಮಕ್ಕೆ ಫೋನ್ ಮಾಡಲ್ಲ."

"ಬಿದ್ದುಗಿದ್ದರೆ?"

"ಕೂತೇ ಇರ್ತೀನಿ. ನಿಮ್ಮ ಚಿಕ್ಕಪ್ಪನನ್ನ ಎರಡು ವರ್ಷ ಕುರ್ಚಿಗೆ ಕಟ್ಟಿ ಕೂರಿಸಿದ್ದೆ. ಒಂದು ಮಧ್ಯಾಹ್ನ ನಾನು ಕೂರೋಕಾಗಲ್ವಾ?"

ಗಿಲ್ದಾರ್ದೊ ನನ್ನನ್ನು ಬಹಳ ಹೊತ್ತು ನೋಡಿದ. ಅವನಿಗೆ ಕೂಡುವುದು ಕಳೆಯುವುದು ಕಲಿಸಿದವಳು ನಾನು, ಅದು ಅವನಿಗೆ ತಿಳಿದಿರಲಿಕ್ಕಿಲ್ಲ. ನಾನು ನಾಲಿಗೆ ಚಾಚಿದೆ. ಮೂವರು ದೊಡ್ಡವರ ಮುಂದೆ, ಹಗಲು ಹೊತ್ತಿನಲ್ಲಿ, ಭಾನುವಾರದ ಕಪ್ಪು ಉಡುಪಿನಲ್ಲಿ. ಅವನು ಎಣಿಸಿದ. ಎಣ್ಣೆ ಕಹಿ, ಹುಲ್ಲು ಹುಲ್ಲು ವಾಸನೆ. ಹನ್ನೊಂದಕ್ಕೆ ನಿಲ್ಲಿಸಿ, ನನ್ನ ಬಾಯಿಯೊಳಗೆ ಬಗ್ಗಿ ನೋಡಿ, "ಸರಿ" ಎಂದ. ಆಮೇಲೆ ತಾನು ಬಾಯಿ ತೆರೆದ.

ನೂಬಿಯಾ ತನ್ನ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ ಹೇಳಿದಳು: "ಮಂಗಳವಾರ, ಶುಕ್ರವಾರ ನನಗೆ ಹಾಕಿ. ಬೆಳಗಿನದು. ಚರ್ಚಿಲ್ಲದ ದಿನ." ಗಂಡನ ಕಡೆಗೆ ತಿರುಗಿ, "ಏನು ನೋಡ್ತೀರಿ? ಮೊಣಕಾಲಿಗೂ ಒಳ್ಳೇದಾದೀತು."

ನನಗೆ ಅವತ್ತು ಅಡುಗೆಮನೆಯ ಬೆಂಚಿನ ಮೇಲೇ ಎರಡು ಗಂಟೆ ನಿದ್ದೆ. ಎದ್ದಾಗ ನೂಬಿಯಾಳ ಶಾಲು ನನ್ನ ಮೇಲಿತ್ತು, ನನ್ನ ಚಪ್ಪಲಿಗಳನ್ನು ಯಾರೋ ಬಿಚ್ಚಿ ಜೋಡಿಸಿಟ್ಟಿದ್ದರು. ಜೀಪು ಹೋಗಿತ್ತು, ಖಾಲಿಯಾಗಿಯೇ.

ಸೋಮವಾರ ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆವು. ಅವರು ಬೈದರು. ಚೆನ್ನಾಗಿಯೇ ಬೈದರು, ಬೈಯಲೇಬೇಕಿತ್ತು. ಇದಕ್ಕೆ ತಾನು ಒಪ್ಪುವುದಿಲ್ಲ, ಆರೋಗ್ಯವಾಗಿರುವವರು ಇದನ್ನು ಕುಡಿಯಬಾರದು, ಅದರಲ್ಲೂ ಎಪ್ಪತ್ತಾರರ ಮುದುಕಿ, ಎಂದರು. "ಒಂದೇ ಹನಿಗೆ ಅವರನ್ನ ಒಪ್ಪಿಸಿ ನೋಡಿ." ಅವನು ಎಣಿಸುತ್ತಾನೆ ಎಂದೆವು. ಹಾಗಾದರೆ ಅವನಿಗೆ ದಿನಕ್ಕೆ ಎರಡೇ ಸಲ ಸಾಕಾಗುತ್ತದೋ ನೋಡೋಣ ಎಂದರು. ಆಮೇಲೆ ಯಾವ ದಿನ ಯಾರ ಸರದಿ ಎಂದು ಕೇಳಿದರು. ಆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ನನಗೆ ಕೇಳಿಸಿತು.

ಒತೋನಿಯೆಲ್ ಇನ್ನೂ ನಾಲಿಗೆ ಚಾಚಿಲ್ಲ. "ಒಂದು ತಿಂಗಳು. ಆಮೇಲೆ ನೋಡೋಣ" ಎನ್ನುತ್ತಾನೆ. ಆಶ್ರಮದ ಹಾಸಿಗೆಯನ್ನು ಬೇರೆಯವರಿಗೆ ಕೊಡಲು ಹೇಳಿದನೋ ಇಲ್ಲವೋ, ಕೇಳಿದರೆ ಮಾತು ತಿರುಗಿಸುತ್ತಾನೆ. ಓಮೈರಾ, "ಎರಡು ತಿಂಗಳು ನೋಡು, ಹತ್ತು ತಿಂಗಳು ನೋಡು, ನೋಡೋಕೆ ಕಾಸು ಕೊಡಬೇಕಾಗಿಲ್ಲ" ಎನ್ನುತ್ತಾಳೆ.

ಅವನಿಗೆ ಎರಡು ಸಲವೇ ಸಾಕಾಯಿತು. ಈಗ ಅವಳ ಪಾಲಿಗೆ ದಿನಕ್ಕೆ ಒಂದು ಸಲ ಮಾತ್ರ, ಉಳಿದದ್ದು ನೂಬಿಯಾಳದು, ನನ್ನದು. ಊರಿಗೆ ಹೊಸ ಆಟ ಸಿಕ್ಕಿದೆ: ತಲೆ ತಿಳಿಯಾದ ಮೇಲೆ ಇವಳು ಏನಾಗುತ್ತಾಳೆ? ಬಾಯಿ ತೆರೆದರೆ ಸಾಕು, ಎದುರಿನವರು ಉಸಿರು ಬಿಗಿಹಿಡಿಯುತ್ತಾರೆ. ಕಳೆದ ಗುರುವಾರ ಸಂತೆಯ ದಿನ, ಚರ್ಚಿನ ಮೆಟ್ಟಿಲ ಬಳಿ ನಾವು ನಾಲ್ಕು ಹೆಂಗಸರು ಮಾತಾಡುತ್ತಿದ್ದೆವು. ಅವಳ ತೋಳು ಹಿಡಿದು ಗಿಲ್ದಾರ್ದೊ ನಿಂತಿದ್ದ, ಒಂದೂವರೆ ವರ್ಷದ ಮೇಲೆ ಮೊದಲ ಸಲ ಚೌಕಕ್ಕೆ ಬಂದಿದ್ದ. ಓಮೈರಾ ಯಾರದೋ ಮದುವೆಯ ಸುದ್ದಿ ಹೇಳುತ್ತ, ಹುಡುಗಿಯ ಹೆಸರು ಬರಬೇಕಾದ ಕಡೆ ನಿಂತುಬಿಟ್ಟಳು. ತುಟಿ ತೆರೆದೇ ಇತ್ತು. ಹೆಂಗಸರ ಕಣ್ಣುಗಳೆಲ್ಲ ಅವಳ ಮುಖಕ್ಕೆ ನೆಟ್ಟವು.

"ಸಿಗ್ತಿಲ್ಲ," ಎಂದಳು ಅವಳು. "ಸಿಕ್ಕಿದಾಗ ಹೇಳ್ತೀನಿ. ಸಿಗದಿದ್ರೆ ಹೇಳಲ್ಲ. ಅಲ್ಲೀವರೆಗೂ ನನ್ನ ಮುಖದಲ್ಲಿ ಏನು ಬರೆದಿದೆ ಅಂತ ಓದೋದು ಬಿಟ್ಟು ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ. ಬಾ ಅಣ್ಣ."

ಅವನನ್ನು ಕರೆದುಕೊಂಡು ಚೌಕದ ಅಂಚಿನಲ್ಲಲ್ಲ, ನಟ್ಟನಡುವೆ, ಎಲ್ಲ ಅಂಗಡಿಗಳ ಮುಂದೆ ನಡೆದಳು. ನಾನೂ ಅವಳ ಮುಖವನ್ನು ಓದುತ್ತಿದ್ದೆ ಎಂದು ಆಗ ಅರಿವಾಯಿತು. ನಾಚಿಕೆಯಾಗಿ ಕಣ್ಣು ಬೇರೆ ಕಡೆ ತಿರುಗಿಸಿದೆ. ಆಲೂಗಡ್ಡೆ ಮಾರುವ ಗಂಡಸು, ಗಿಲ್ದಾರ್ದೊ ಎಡವದಿರಲೆಂದು, ದಾರಿಯಲ್ಲಿದ್ದ ತನ್ನ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದ.